ಮೊದಲ ಪುಟದ ಹಳದಿ

ಹುಡುಕಾಟದ ಪೆಟ್ಟಿಗೆಯಲ್ಲಿ ‘ಕಿಶ್‌ಮಿಶ್’ ಎಂದು ಟೈಪ್ ಮಾಡಿದರೆ ನಮ್ಮ ಪೊಟ್ಟಣ ಎಷ್ಟನೆಯದಾಗಿ ಕಾಣುತ್ತದೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಈಗಲೂ ಅದೇ ಕೆಲಸ. ಆದರೆ ಈಗ ಆ ಪದ ಟೈಪ್ ಮಾಡುವಾಗ ಕೈ ತುಸು ತಡೆಯುತ್ತದೆ. ಪರದೆಯ ಮೇಲೆ ಬಂಗಾರದ ಬಣ್ಣದ ದ್ರಾಕ್ಷಿ ಸಾಲಾಗಿ ಬಂದು ನಿಂತರೆ ನನಗೆ ದ್ರಾಕ್ಷಿ ಕಾಣುವುದಿಲ್ಲ. ಟಿಕೋಟಾದ ಒಂದು ಕೋಣೆ ಕಾಣುತ್ತದೆ, ಅದರ ಬಾಗಿಲಿಗೆ ಇಳಿಬಿಟ್ಟ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಕಾಣುತ್ತದೆ. ಅದರ ಹಿಂದೆ ಕೆಮ್ಮುತ್ತಿದ್ದ ಹೆಂಗಸಿನ ಕೆಮ್ಮು ನಿಂತುಹೋದದ್ದು ಕೇಳುತ್ತದೆ.

ಸಮಾಧಾನವಾದ ಮೇಲೆ ಬರೆಯೋಣವೆಂದು ಕಾದೆ. ಸಮಾಧಾನ ಬರಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮ ಮಾಲೀಕರದು ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ. ಟಿಕೋಟಾ, ಬಬಲೇಶ್ವರ ಕಡೆಯ ತೋಟಗಳಿಂದ ಮಾಲು ಕೊಂಡು, ಟಿಕೋಟಾದ ಹೊರಗೆ ಹೊನವಾಡ ರಸ್ತೆಗಿರುವ ತಮ್ಮ ಶೆಡ್ಡಿನಲ್ಲಿ ಆಯಿಸಿ, ಪೊಟ್ಟಣ ಕಟ್ಟಿಸುತ್ತಾರೆ. ಮೊದಲೆಲ್ಲ ಪೆಟ್ಟಿಗೆಗಟ್ಟಲೆ ಪರ ಊರಿನ ಸಗಟು ವ್ಯಾಪಾರಿಗಳಿಗೆ ಹೋಗುತ್ತಿತ್ತು. ಈಗ ಹೆಚ್ಚಿನದು ಸಣ್ಣ ಪೊಟ್ಟಣಗಳಾಗಿ ಒಂದು ಆನ್‌ಲೈನ್ ಮಾರುಕಟ್ಟೆಯ ಮೂಲಕ ಪುಣೆಯ, ಹೈದರಾಬಾದಿನ, ನಾವು ಹೆಸರು ಕೇಳದ ಊರುಗಳ ಅಡುಗೆಮನೆಗಳಿಗೆ ಹೋಗುತ್ತದೆ. ನಾನು ತೊರವಿಯಿಂದ ಬಸ್ಸಿನಲ್ಲಿ ನಗರದ ಆಫೀಸಿಗೆ ಬಂದು ಆ ಆನ್‌ಲೈನ್ ಅಂಗಡಿ ನೋಡಿಕೊಳ್ಳುತ್ತೇನೆ. ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಅದು ಈ ಕೆಲಸಕ್ಕೆ ಬೇಕಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

ಅಂಗಡಿ ಎಂದರೆ ನಿಜಕ್ಕೂ ಒಂದು ಪುಟ. ಹೆಸರು, ಚಿತ್ರ, ಬೆಲೆ, ನಾಲ್ಕು ಸಾಲು ವಿವರ. ಒಬ್ಬರು ಕಿಶ್‌ಮಿಶ್ ಎಂದು ಹುಡುಕಿದಾಗ ಯಾರ ಪುಟ ಮೇಲೆ ಬರಬೇಕು, ಯಾರದು ಯಾರೂ ಇಳಿದು ನೋಡದಷ್ಟು ಕೆಳಗೆ ಬೀಳಬೇಕು ಎಂಬುದನ್ನು ಮಾರುಕಟ್ಟೆಯ ಯಂತ್ರ ತೀರ್ಮಾನಿಸುತ್ತದೆ. ತನ್ನ ಲೆಕ್ಕ ಅದು ಯಾರಿಗೂ ಹೇಳುವುದಿಲ್ಲ. ನಾವು ಕತ್ತಲೆಯಲ್ಲಿ ಗೋಡೆ ತಡವಿದಂತೆ ತಡವುತ್ತೇವೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಕಾಯುವುದು, ಲಾಗಿನ್ ಇಲ್ಲದ ಕಿಟಕಿಯಲ್ಲಿ ಬೇರೆ ಬೇರೆ ಊರಿನ ಪಿನ್ ಕೋಡ್ ಹಾಕಿ ನಮ್ಮ ಪುಟ ಎಲ್ಲಿ ನಿಂತಿದೆ ಎಂದು ನೋಡುವುದು. ಲಾಗಿನ್ ಆಗಿ ನೋಡಿದರೆ ಯಂತ್ರ ನಮ್ಮ ಮುಖ ಗುರುತಿಸಿ ನಮ್ಮದನ್ನೇ ಮೇಲೆ ತೋರಿಸಿ ಖುಷಿಪಡಿಸುತ್ತದೆ. ಮಾಲೀಕರು ಮೊದಲ ತಿಂಗಳೆಲ್ಲ ಹಾಗೆ ನೋಡಿಯೇ ಖುಷಿಯಾಗಿದ್ದರು.

ಮೊದಲು ಹೆಸರಿನ ಮೇಲೆ ಕೆಲಸ ಮಾಡಿದೆ. ಮಾಲೀಕರು ತಮ್ಮ ಅಜ್ಜನ ಹೆಸರಿನಿಂದ ಶುರು ಮಾಡಿದ್ದರು. ಅಜ್ಜನ ಹೆಸರನ್ನು ಯಾರೂ ಹುಡುಕುವುದಿಲ್ಲ. ಜನ ಹುಡುಕುವ ಪದ ಮುಂದೆ ತಂದೆ. ತಪ್ಪು ಕಾಗುಣಿತದಲ್ಲಿ ಟೈಪ್ ಮಾಡುವವರಿಗಾಗಿ ಆ ತಪ್ಪುಗಳನ್ನೂ ಹಿಂಬದಿಯ ಖಾನೆಯಲ್ಲಿ ತುಂಬಿದೆ. ಅಷ್ಟಕ್ಕೆ ಪುಟ ತುಸು ಮೇಲೆ ಬಂದು ನಿಂತಿತು. ಮುಂದೆ ಹೋಗಲಿಲ್ಲ. ಯಂತ್ರಕ್ಕೆ ಪದ ಸಿಕ್ಕರೆ ಸಾಲದು. ಪುಟ ಕಂಡವರಲ್ಲಿ ಎಷ್ಟು ಜನ ಒತ್ತಿದರು, ಒತ್ತಿದವರಲ್ಲಿ ಎಷ್ಟು ಜನ ಕೊಂಡರು, ಕೊಂಡವರಲ್ಲಿ ಎಷ್ಟು ಜನ ವಾಪಸ್ ಕಳಿಸಿದರು, ಆರ್ಡರ್ ಬಂದ ದಿನವೇ ಮಾಲು ಹೊರಟಿತೋ ಇಲ್ಲವೋ, ಎಲ್ಲವನ್ನೂ ಅದು ನೋಡುತ್ತದೆ. ಒತ್ತಿಸುವುದು ಚಿತ್ರ.

ಹಾಗಾಗಿ ಚಿತ್ರ ಬದಲಾಯಿತು. ನಗರದ ಒಬ್ಬ ಫೋಟೋದವನು ಬಿಳಿ ಹಾಳೆಯ ಮೇಲೆ ಆಯ್ದ ದ್ರಾಕ್ಷಿ ಸುರುವಿ, ದೀಪ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ಹಳದಿ ಏರಿಸಿ ಕೊಟ್ಟ. ನಮ್ಮ ಮಾಲು ಅಷ್ಟು ಹಳದಿ ಎಂದೂ ಇರಲಿಲ್ಲ. ಚಿತ್ರ ಏರಿಸಿದ ಮೇಲೆ ಕ್ಲಿಕ್ಕು ಏರಿದವು, ಮಾರಾಟ ಏರಿತು, ನಮ್ಮ ಅಂಗಡಿ ಹುಡುಕಾಟದ ಮೊದಲ ಪುಟಕ್ಕೆ ಬಂತು. ಮಾಲೀಕರು ಆಫೀಸಿಗೆ ಫೇಡೆ ತರಿಸಿದರು. ಆಮೇಲೆ ಪೊಟ್ಟಣಗಳು ವಾಪಸ್ ಬರತೊಡಗಿದವು. ಕಾರಣದ ಜಾಗದಲ್ಲಿ ಒಂದೇ ಮಾತು: ಚಿತ್ರದಲ್ಲಿ ಇದ್ದಂತಿಲ್ಲ. ಪುಟ ಜಾರತೊಡಗಿತು. ಎದುರಿಗೆ ಹಬ್ಬದ ಸೇಲ್ ಇತ್ತು.

“ಸಾಹುಕಾರ್ರ, ಫೋಟೋ ಬದಲಿ ಮಾಡೂಣ್ರಿ,” ಎಂದು ಮಾಲೀಕರಿಗೆ ಹೇಳಿದೆ. “ಮಾಲು ಹೆಂಗ ಐತಿ ಹಂಗ ತೋರಸೂಣು.”

“ಹಂಗ ತೋರಿಸಿದ್ರ ಯಾರ ಒತ್ತತಾರವಾ? ಬಾಜೂದಾಗ ನೋಡು, ಎಲ್ಲಾರದೂ ಬಂಗಾರ. ನಡುವ ನಮ್ಮದೊಂದ ಹುಣಸೀಹಣ್ಣ ಇಟ್ಟಂಗ ಕಾಣತೈತಿ.”

“ಮತ್ತ ವಾಪಸ್ ಬರಾಕತ್ತಾವಲ್ರಿ.”

“ಅದಕ್ಕ ಫೋಟೋ ಬ್ಯಾಡ. ಮಾಲ ಬದಲಿ ಮಾಡೂಣು.”

ಅವರು ನಗುತ್ತಲೇ ಹೇಳಿದರು. ನಾನು ಅದನ್ನು ಮಾತಿನ ಚಟಾಕಿ ಎಂದುಕೊಂಡೆ. ಮಾರುಕಟ್ಟೆಯ ಕಡೆಯಿಂದ ನಮ್ಮ ಅಂಗಡಿಗೆ ಸಲಹೆ ಕೊಡಲು ಗೊತ್ತುಮಾಡಿದ ಒಬ್ಬ ಪ್ರತಿನಿಧಿ ಇದ್ದ. ಮುಖ ನೋಡಿಲ್ಲ, ಧ್ವನಿ ಬೆಂಗಳೂರಿನದು. ಅವನಿಗೂ ಫೋನ್ ಮಾಡಿ ಕೇಳಿದೆ. “ಸೇಲ್ ಮುಗಿಯೋವರೆಗೆ ಮುಖ್ಯ ಚಿತ್ರ ಮುಟ್ಟಬೇಡಿ ಮೇಡಂ. ಕ್ಲಿಕ್ ಹಿಸ್ಟರಿ ಹಾಳಾಗುತ್ತೆ. ಪ್ರಾಡಕ್ಟ್ ಚಿತ್ರದ ಹಾಗೆ ಇರೋ ಥರ ನೋಡ್ಕೊಳ್ಳಿ, ಅಷ್ಟೇ,” ಎಂದ. ಮಾಲೀಕರ ಚಟಾಕಿಯನ್ನೇ ಅವನು ಸಲಹೆಯ ಧಾಟಿಯಲ್ಲಿ ಹೇಳಿದ್ದ. ಎಲ್ಲರೂ ಚಿತ್ರವನ್ನು ಉಳಿಸಿದರು.

ಇಲ್ಲಿ ಗಂಧಕದ ಮಾತು ಹೇಳಬೇಕು. ಒಣದ್ರಾಕ್ಷಿಗೆ ಹಳದಿ ಬಣ್ಣ ನಿಲ್ಲಲು ಗಂಧಕ ಸುಟ್ಟು ಅದರ ಹೊಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. ಹಣ್ಣು ಒಣಗಿದ ಮೇಲೆ, ಬಯಲಲ್ಲಿ, ಪ್ಲಾಸ್ಟಿಕ್ ಹೊದಿಸಿ ಒಮ್ಮೆ ಕೊಡುತ್ತಾರೆ. ಹೊದಿಕೆ ತೆಗೆದು ಗಾಳಿಗೆ ಬಿಟ್ಟು, ಮರುದಿನ ಮುಟ್ಟುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ನಮ್ಮ ಶೆಡ್ಡಿನಲ್ಲಿ ಶುರುವಾದದ್ದು ಬೇರೆ. ಮಳೆಗಾಲದ ತಂಪಿಗೆ ಕಂದಿದ ಹಳೆಯ ಮಾಲಿಗೆ ನೀರು ಚಿಮುಕಿಸಿ, ಎರಡನೇ ಸಲ ಹೊಗೆ. ಅದೂ ಬಯಲಲ್ಲಲ್ಲ. ಹಿಂದೆ ಸಲಿಕೆ, ಗುದ್ದಲಿ ಇಡುತ್ತಿದ್ದ ಇಟ್ಟಂಗಿಯ ಕೋಣೆಯಲ್ಲಿ. ಜಾಳಿಗೆಯ ಟ್ರೇಗಳನ್ನು ಗಾಲಿಯಿರುವ ಕಬ್ಬಿಣದ ಚೌಕಟ್ಟಿನಲ್ಲಿ ಪೇರಿಸಿ, ಆ ಗಾಡಿಯನ್ನು ಒಳಗೆ ತಳ್ಳಿ, ಗಂಧಕಕ್ಕೆ ಬೆಂಕಿ ಇಟ್ಟು, ಬಾಗಿಲಿಗೆ ತಾಡಪತ್ರಿ ಇಳಿಬಿಡುವುದು. ಇದ್ದ ಒಂದು ಕಿಟಕಿಗೆ ಒದ್ದೆ ಗೋಣಿಚೀಲ ತುರುಕಿದ್ದರು. ಹೊಗೆ ಹೊರಗೆ ಹೋದರೆ ಬಣ್ಣ ಹಿಡಿಯುವುದಿಲ್ಲವಂತೆ.

ಮೊದಲು ಆ ಕೋಣೆಯನ್ನು ಮರುದಿನ ತೆರೆಯುತ್ತಿದ್ದರು. ಸೇಲ್ ಶುರುವಾಗುತ್ತಿದ್ದಂತೆ ಮರುದಿನವೆಂಬುದು ಇಲ್ಲವಾಯಿತು. ಅದೇ ದಿನ ರವಾನೆ ಮಾಡುವ ಅಂಗಡಿಗೆ ಯಂತ್ರ ಒಂದು ಸಣ್ಣ ಹಸಿರು ಪಟ್ಟಿ ಕೊಡುತ್ತದೆ. ಪಟ್ಟಿ ಇದ್ದವರು ಮೇಲೆ, ಇಲ್ಲದವರು ಕೆಳಗೆ. ಮುಂಜಾನೆ ಹೊಗೆಗೆ ಇಟ್ಟ ಮಾಲು ಮಧ್ಯಾಹ್ನವೇ ಪೊಟ್ಟಣವಾಗಿ ಗಾಡಿ ಹತ್ತಬೇಕಾಯಿತು.

ಶೆಡ್ಡಿನ ಮೇಸ್ತ್ರಿ ಕಾಖಂಡಕಿಯವರು. ದೊಡ್ಡ ಹೊಟ್ಟೆಯ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಒಮ್ಮೆ ಅವರಿಗೆ ಹೇಳಿದೆ. “ಕಾಕಾ, ಆ ಕಿಡಕ್ಯಾಗಿನ ಚೀಲ ತಗೀರಿ. ಅದು ಬರೇ ಹೊಗಿ ಅಲ್ಲ, ಗ್ಯಾಸು. ನೀರ ಸಿಕ್ಕಲ್ಲಿ ಆಸಿಡ್ ಆಗತೈತಿ. ಗಂಟಲದಾಗೂ ನೀರ ಇರತೈತಿ.”

“ಕಿಡಕಿ ಬಿಚ್ಚಿದ್ರ ಬಣ್ಣ ಹಿಡ್ಯಾಂಗಿಲ್ಲ ತಂಗಿ. ನೀವ ಆಫೀಸಿನ್ಯಾಗ ಕುಂತು ಹಳದಿ ಬೇಕಂತೀರಿ, ಇಲ್ಲಿ ಬಂದು ಕಿಡಕಿ ಬಿಚ್ಚಂತೀರಿ. ಎರಡರಾಗ ಒಂದ ಹೇಳ್ರಿ ಮತ್ತ.”

ಆಯುವ ಹೆಂಗಸರು ಆ ಕೋಣೆಗೆ ‘ಪಾರ್ಲರ್’ ಎಂದು ಹೆಸರಿಟ್ಟಿದ್ದರು. ಅದು ಹೊನವಾಡದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಂಗಸು ಇಟ್ಟ ಹೆಸರು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ತೆಳ್ಳಗಿನ ಆಳು, ಬಾಯಿ ಮಾತ್ರ ಶೆಡ್ಡಿಗಿಂತ ದೊಡ್ಡದು. “ಇವತ್ತ ಯಾವ ಮುದುಕಿ ಹೋಗ್ಯಾಳ ಬೇ ಪಾರ್ಲರಿಗಿ?” ಎಂದು ಕೂಗಿದರೆ ಸಾಲು ಹೆಂಗಸರೆಲ್ಲ ಆಯುವುದು ಬಿಟ್ಟು ನಗುತ್ತಿದ್ದರು.

ಆ ದಿನ ನಾನು ಶೆಡ್ಡಿಗೆ ಹೋದದ್ದು ಫೋಟೋ ತೆಗೆಯಲು. ಮಾಲೀಕರಿಗೆ ಹೇಳಿರಲಿಲ್ಲ. ಬಬಲೇಶ್ವರ ಕಡೆಯ ಒಬ್ಬ ತೋಟದವರ ಮಾಲು ಬಂದಿತ್ತು. ಹೊಗೆಯೇ ಕೊಡದೆ ನೆರಳಲ್ಲಿ ಒಣಗಿಸಿದ್ದು, ಕಂದು ಬಣ್ಣದ್ದು, ಬಾಯಿಗೆ ಹಾಕಿದರೆ ಬಿಡಲಾಗದಂಥದ್ದು. ಅದನ್ನು ಹಗಲು ಬೆಳಕಿನಲ್ಲಿ ಇದ್ದಂತೆಯೇ ತೆಗೆದು, ಬೇರೆಯೇ ಒಂದು ಪುಟ ಮಾಡಿ, ಯಂತ್ರ ಅದನ್ನು ಎಲ್ಲಿ ನಿಲ್ಲಿಸುತ್ತದೆ ನೋಡೋಣವೆಂದು ನನ್ನ ಲೆಕ್ಕ. ಅಂಗಳದಲ್ಲಿ ಬಿಳಿ ರಟ್ಟು ಹಾಸಿ ದ್ರಾಕ್ಷಿ ಸುರುವುತ್ತಿದ್ದೆ. ಅಕ್ಕ ಬುಟ್ಟಿ ಹೊತ್ತು ದಾಟುವಾಗ ನಿಂತಳು.

“ಏನ್ ಬೇ, ಕರೀ ಹುಡುಗಿಗೂ ವರಾ ನೋಡಾಕತ್ತಿಯೇನ?”

“ಹೌದ್ರಿ ಅಕ್ಕಾ. ಪೌಡರ್ ಹಚ್ಚಲಾರದ ಫೋಟೋ.”

“ಒಪ್ಪಲಿ ಬಿಡು. ನನ್ನೂ ಹಂಗ ನೋಡಿ ಒಪ್ಪಿದ್ರು,” ಎಂದು ನಕ್ಕು ಹೋದಳು.

ಆಗ ಮೇಸ್ತ್ರಿಯ ಫೋನು ಕಿಣಿಗುಟ್ಟಿತು, ನನ್ನದೂ. ಮಾರುಕಟ್ಟೆಯ ಆ್ಯಪ್ ಎಲ್ಲರಿಗೂ ಒಟ್ಟಿಗೇ ಕಳಿಸುವ ಎಚ್ಚರಿಕೆ. ಪಿಕಪ್ ವಾಹನ ಬರುತ್ತಿದೆ, ಸಿದ್ಧವಿಲ್ಲದ ಆರ್ಡರ್‌ಗಳು ನಿಮ್ಮ ಸ್ಥಾನದ ಮೇಲೆ ಪರಿಣಾಮ ಬೀರಬಹುದು. ಅದರ ಬೆನ್ನಿಗೇ ಮಾಲೀಕರ ಕರೆ. ಮೇಸ್ತ್ರಿ ಸ್ಪೀಕರಿಗೆ ಹಾಕಿದರು.

“ಗಾಡಿ ತೊರವಿ ದಾಟೇತಿ. ಮಾಲ ಹೊರಗ ತಗೀರಿ.”

“ಇನ್ನಾ ಹೊಗಿ ಐತ್ರಿ ಸಾಹುಕಾರ್ರ. ಇವತ್ತ ಗಂಧಕಾ ಜರಾ ಜಾಸ್ತಿನ ಹಾಕೇವಿ.”

“ಐತಿ ಅಂತ ಕುಂದರತೀಯೇನ? ಈ ಗಾಡಿ ತಪ್ಪಿದ್ರ ಮೊದಲನೇ ಪುಟ ಮತ್ತ ಯಾವಾಗ ಕಾಣತಿ ನೀ?”

ಮೊದಲನೇ ಪುಟ! ಫೋನಿನಲ್ಲಿ ಆ ಪುಟ ಹೇಗಿರುತ್ತದೆಂದು ಮೇಸ್ತ್ರಿ ಎಂದೂ ನೋಡಿದವರಲ್ಲ. ಆದರೂ ಎದ್ದರು. ಅಷ್ಟರಲ್ಲಿ ಅಕ್ಕ ಬುಟ್ಟಿ ಇಳಿಸಿ ಸೆರಗನ್ನು ನೀರಿನ ಬಾನಿಯಲ್ಲಿ ಅದ್ದಿದಳು.

“ನಾ ತರತೀನಿ ಬಿಡ್ರಿ. ನೀವ ಹೋದ್ರ ಆ ಹೊಟ್ಟಿ ಬಾಗಲದಾಗ ಸಿಗತೈತಿ.”

“ಅಕ್ಕಾ, ಬ್ಯಾಡ್ರಿ,” ಎಂದೆ. “ತಾಡಪತ್ರಿ ಎತ್ತಿ ಬಿಡೂಣು. ಪಿಕಪ್ ಗಾಡಿ ನಿಂದರತೈತಿ.”

“ದಿನಾ ಹೋಗತೀನ ಬೇ. ಮೂಗ ಹಿಡಕೊಂಡು ಹಿಂಗ ಹೋಗಿ ಹಂಗ ಬರೂದು.”

ದಿನಾ! ಆ ಪದ ಕಿವಿಗೆ ಬೀಳುವಷ್ಟರಲ್ಲಿ ಆಕೆ ಒಳಗೆ ಹೋಗಿಯಾಗಿತ್ತು. ತಾಡಪತ್ರಿ ಆಕೆಯ ಹಿಂದೆ ತಾನಾಗಿ ಇಳಿಯಿತು.

ನನ್ನ ಕಿವಿಯಲ್ಲಿ ಮತ್ತೆ ಮತ್ತೆ ಕೇಳುವುದು ಇಲ್ಲಿಂದ ಮುಂದಿನದು. ಟ್ರೇ ಗಾಡಿಯ ಗಾಲಿ ಕಿರ್ರೆಂದಿತು. ಕೆಮ್ಮು. ಮತ್ತೆ ಗಾಲಿ. ಮತ್ತೆ ಕೆಮ್ಮು, ಈ ಸಲ ಎಳೆದೆಳೆದು. ಟ್ರೇಗಳು ಬಿದ್ದ ಸದ್ದು. ಒಂದು ಸಣ್ಣ ಕೆಮ್ಮು. ಆಮೇಲೆ ಏನೂ ಇಲ್ಲ.

ಕೆಮ್ಮುವವರೆಗೆ ಉಸಿರಿದೆ ಎಂದು ಅರ್ಥ. ನಾನು ಓಡಿ ತಾಡಪತ್ರಿ ಎತ್ತಿದೆ. ಒಂದೇ ಉಸಿರು ಒಳಗೆ ಹೋಯಿತು. ಗಂಟಲನ್ನು ಯಾರೋ ಒಳಗಿನಿಂದ ಹಿಡಿದು ಹಿಂಡಿದಂತಾಯಿತು. ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಗಾಳಿ ಬೇಕೆಂದು ಎದೆ ಎಳೆದರೆ ಗಂಟಲು ಬಿಡಲೊಲ್ಲದು. ಮೇಸ್ತ್ರಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದು ಕೆಡವಿದರು. “ನೀನೂ ಬೀಳತಿ ಲೇ ಹುಚ್ಚೀ!” ಎಂದರು. ಆಮೇಲೆ ಎರಡೂ ಕೈಯಿಂದ ತಾಡಪತ್ರಿಯನ್ನು ಮೇಲಿನ ಮೊಳೆಗಳ ಸಮೇತ ಕಿತ್ತರು. ನಾನು ಎದ್ದು ಗಳ ತೆಗೆದುಕೊಂಡು ಹಿಂದೆ ಓಡಿ, ಕಿಟಕಿಯ ಚೀಲವನ್ನು ಹೊರಗಿನಿಂದ ತಿವಿದು ಒಳಗೆ ಬೀಳಿಸಿದೆ. ಈ ಗ್ಯಾಸು ಗಾಳಿಗಿಂತ ಭಾರ; ನೆಲದ ಹತ್ತಿರ ಹೆಚ್ಚು ನಿಲ್ಲುತ್ತದೆ. ಅಕ್ಕ ನೆಲದ ಮೇಲಿದ್ದಳು. ಪರೀಕ್ಷೆಗೆ ಓದಿದ್ದ ಆ ಒಂದು ಸಾಲು ಆಗ ತಲೆಯಲ್ಲಿ ಬಡಿದುಕೊಳ್ಳುತ್ತಿತ್ತು.

ಟ್ರೇ ಗಾಡಿಯನ್ನು ಎಳೆಯಲು ಮುಂದಿನ ಬಳೆಗೆ ಯಾವಾಗಲೂ ಒಂದು ಹಗ್ಗ ಕಟ್ಟಿರುತ್ತದೆ. ಅಕ್ಕ ಅದನ್ನು ಹೊಸ್ತಿಲವರೆಗೆ ಎಳೆದು ತಂದಿದ್ದಳು. ಹಗ್ಗದ ತುದಿ ಕಾಣುತ್ತಿತ್ತು. ಮೇಸ್ತ್ರಿ ಉಸಿರು ಕಟ್ಟಿ ಬಗ್ಗಿ ಅದನ್ನು ಹಿಡಿದರು. ಆಯುವ ಹೆಂಗಸರೂ ನಾನೂ ಕೈ ಹಾಕಿದೆವು. ಗಾಡಿ ಹೊಸ್ತಿಲಿಗೆ ಬಡಿದು, ನಿಂತು, ಮತ್ತೆ ಎಳೆದಾಗ ಹಾರಿ ಹೊರಗೆ ಬಂತು. ಅದರ ಸರಳಿನ ನಡುವೆ ತೋಳು ಸಿಕ್ಕಿಕೊಂಡು ಅಕ್ಕನೂ ಬಂದಳು. ಬೀಳುವಾಗ ಗಾಡಿಯನ್ನು ತಬ್ಬಿಕೊಂಡಿದ್ದಳು. ಮಾಲಿಗಾಗಿ ತಬ್ಬಿಕೊಂಡಳೋ ಜೀವಕ್ಕಾಗಿಯೋ ನನಗೆ ಗೊತ್ತಿಲ್ಲ. ತಬ್ಬಿಕೊಳ್ಳದಿದ್ದರೆ ಅಲ್ಲೇ ಇರುತ್ತಿದ್ದಳು.

ತುಟಿ ನೀಲಿಗಟ್ಟಿತ್ತು. ಉಸಿರಿತ್ತು, ಸಣ್ಣದಾಗಿ, ಸೀಟಿಯಂತೆ. ಬಯಲಿಗೆ ಒಯ್ದು ಕೂರಿಸಿ ಕಣ್ಣಿಗೆ ನೀರು ಹಾಕಿದೆವು. ಅಷ್ಟರಲ್ಲಿ ಪಿಕಪ್ ವಾಹನ ಅಂಗಳಕ್ಕೆ ಬಂದು ನಿಂತಿತು. ಆಕೆಯನ್ನು ಹತ್ತಿಸಬೇಕೆಂದು ಹೇಳಿದರೆ ಚಾಲಕ ಕೈಯಲ್ಲಿ ಸ್ಕ್ಯಾನರ್ ಹಿಡಿದು ನಿಂತೇಬಿಟ್ಟ. “ಸ್ಕ್ಯಾನ್ ಮಾಡಲಾರದ ಗಾಡಿ ತಿರಗಿಸಿದ್ರ ನನ್ನ ಮ್ಯಾಲ ಬರತೈತ್ರಿ. ನನಗೂ ರೇಟಿಂಗ್ ಐತಿ.”

“ಇಕೀನ್ನ ಸ್ಕ್ಯಾನ್ ಮಾಡಲೇ!” ಎಂದು ಚೀರಿದಳು ಆಯುವವಳೊಬ್ಬಳು. ಅವನು ಅಕ್ಕನ ಮುಖ ನೋಡಿದ. ಹಿಂದಿನ ಪೆಟ್ಟಿಗೆಗಳನ್ನೆಲ್ಲ ಅಂಗಳಕ್ಕೆ ಎಸೆದು ಜಾಗ ಮಾಡಿದ.

ಟಿಕೋಟಾದಿಂದ ವಿಜಯಪುರದ ರಸ್ತೆ ನನಗೆ ಬಾಯಿಪಾಠ. ಆ ದಿನ ತೊರವಿ ಬರಲೇ ಇಲ್ಲ ಅನ್ನಿಸಿತು. ಅಕ್ಕನನ್ನು ಎದೆಗೆ ಆನಿಸಿಕೊಂಡು ಆ ಸೀಟಿಯ ಸದ್ದು ಕೇಳುತ್ತ ಕೂತಿದ್ದೆ. ನನ್ನ ಫೋನು ಬೆಳಗಿತು. ಅಭಿನಂದನೆಗಳು, ನಿಮ್ಮ ಉತ್ಪನ್ನ ಹಬ್ಬದ ಸೇಲ್‌ನಲ್ಲಿ ಹೆಚ್ಚು ಬೇಡಿಕೆಯ ಸಾಲಿಗೆ ಸೇರಿದೆ. ಫೋನನ್ನು ರಸ್ತೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಯಾಕೆಂದರೆ ಮರುಕ್ಷಣ ಮಾಲೀಕರ ಕರೆ ಬಂತು.

“ಡಾಕ್ಟರಿಗಿ ದಮ್ಮಿನ ಬ್ಯಾನಿ ಅನ್ನವಾ. ಮೊದಲಿಂದ ಇತ್ತು ಅನ್ನು. ಸುಮ್ನ ದೊಡ್ಡದಾಗೂದ ಬ್ಯಾಡ.”

ಕರೆ ಕಡಿದೆ. ಆಸ್ಪತ್ರೆಯಲ್ಲಿ ವೈದ್ಯೆ ಏನಾಯಿತೆಂದು ಕೇಳಿದಾಗ ಎಲ್ಲ ಹೇಳಿದೆ: ಗಂಧಕ ಸುಟ್ಟ ಹೊಗೆ, ಮುಚ್ಚಿದ ಕೋಣೆ, ನೆಲದ ಮೇಲೆ ಬಿದ್ದದ್ದು. ಆಕ್ಸಿಜನ್ ಹಚ್ಚಿಸಿ, ಔಷಧಿಯ ಹಬೆ ಕೊಡಿಸಿ, ಆಮೇಲೆ ವೈದ್ಯೆ ಹೊರಗೆ ಬಂದು ನನ್ನನ್ನು ಕರೆದಳು. “ಗ್ಯಾಸ್ ಯಾವುದಂತ ಹೇಳಿದ್ದು ಛಲೋ ಆತು. ಬರೇ ದಮ್ಮು ಅಂದಿದ್ರ ಸಂಜಿಗಿ ಮನಿಗಿ ಕಳಸತಿದ್ದೆ. ಇದರಾಗ ಪುಪ್ಪುಸಕ್ಕ ಬಾವು ತಡಮಾಡಿ ಬರತೈತಿ. ಇಲ್ಲೇ ಇರಬೇಕು.”

ಎರಡು ಪದಗಳ ಅಂತರ. ದಮ್ಮು ಎಂದಿದ್ದರೆ ಅಕ್ಕ ಬಸ್ಸು ಹತ್ತಿ ಹೊನವಾಡಕ್ಕೆ ಹೋಗಿ ಮನೆಯಲ್ಲಿ ಮಲಗಿರುತ್ತಿದ್ದಳು.

ಹೊರಗೆ ಬೆಂಚಿನ ಮೇಲೆ ಕೂತಾಗ ಫೋನು ಮತ್ತೆ ಮತ್ತೆ ಕಿಣಿಗುಟ್ಟುತ್ತಲೇ ಇತ್ತು. ಆರ್ಡರ್, ಆರ್ಡರ್, ಆರ್ಡರ್. ಮೇಸ್ತ್ರಿ ಕರೆ ಮಾಡಿ ಅಕ್ಕನ ಸುದ್ದಿ ಕೇಳಿದರು. ಆಮೇಲೆ ಧ್ವನಿ ತಗ್ಗಿಸಿ ಅಂದರು, “ಸಾಹುಕಾರ್ರು ಇನ್ನೊಂದ ಗಾಡಿ ಹೊಗಿಗಿ ಇಡು ಅನ್ನಾಕತ್ತಾರ ತಂಗಿ. ಕಿಡಕಿ ಬಿಚ್ಚೇ ಇಡತೀನಿ. ಆರ್ಡರ್ ಬಂದಾವಂತಲ್ಲ.”

ಆರ್ಡರ್ ಬಂದಿವೆ. ಯಾರೂ ಆ ಕೋಣೆಗೆ ಯಾರನ್ನೂ ಕಳಿಸುತ್ತಿಲ್ಲ. ಆರ್ಡರ್ ಬರುತ್ತಿವೆ, ಅಷ್ಟೇ. ಎಲ್ಲಿಯೋ ಒಬ್ಬರು ಹಳದಿ ಚಿತ್ರ ನೋಡಿ ಬೆರಳು ಒತ್ತುತ್ತಾರೆ. ಯಂತ್ರ ಎಣಿಸುತ್ತದೆ. ಮಾಲೀಕರಿಗೆ ಕಿಣಿ ಕೇಳುತ್ತದೆ. ಮೇಸ್ತ್ರಿ ಗಂಧಕ ತೂಗುತ್ತಾರೆ. ಸಾಲಿನ ಕೊನೆಯಲ್ಲಿ ಒದ್ದೆ ಸೆರಗು. ಈ ಸಾಲಿನಲ್ಲಿ ನನ್ನ ಕೈಗೆ ಸಿಗುವ ಒಂದೇ ಒಂದು ಕೊಂಡಿ ಇತ್ತು, ಅಂಗಡಿಯ ಪಾಸ್‌ವರ್ಡ್.

ಚಿತ್ರ ಬದಲಿಸಿದರೆ ಒಪ್ಪಿಗೆ ಸಿಗಲು ಹೊತ್ತು ಹಿಡಿಯುತ್ತದೆ. ಅಷ್ಟರವರೆಗೆ ಆರ್ಡರ್ ಬರುತ್ತಲೇ ಇರುತ್ತವೆ. ಬೆಲೆ ಏರಿಸಿದರೆ ಕಡಿಮೆಯಾಗುತ್ತವೆ, ನಿಲ್ಲುವುದಿಲ್ಲ. ದಾಸ್ತಾನಿನ ಖಾನೆಯಲ್ಲಿ ಸೊನ್ನೆ ಹಾಕಿದರೆ ಮಾತ್ರ ಆ ಕ್ಷಣಕ್ಕೆ ನಿಲ್ಲುತ್ತದೆ. ಸೇಲ್ ನಡುವೆ ಸೊನ್ನೆ ಹಾಕಿದರೆ ಏನಾಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಮಾಲಿಲ್ಲದ ಅಂಗಡಿಯನ್ನು ಯಂತ್ರ ತಕ್ಷಣ ಕೆಳಗೆ ತಳ್ಳುತ್ತದೆ. ಗಳಿಸಿದ ಕ್ಲಿಕ್ಕು, ಮಾರಾಟದ ಓಟ, ಹಸಿರು ಪಟ್ಟಿ, ತಿಂಗಳುಗಟ್ಟಲೆ ನಾನೇ ಒಂದೊಂದಾಗಿ ಕಟ್ಟಿದ್ದು, ಎಲ್ಲ ಹೋಗುತ್ತದೆ. ನನ್ನ ಕೆಲಸವೂ ಹೋಗಬಹುದು.

ಸೊನ್ನೆ ಹಾಕಿದೆ. ‘ಖಚಿತವೇ?’ ಎಂದು ಕೇಳಿತು. ಹೌದು ಎಂದು ಒತ್ತಿದೆ. ರವಾನೆಯಾಗದ ಆರ್ಡರ್‌ಗಳನ್ನೂ ರದ್ದು ಮಾಡತೊಡಗಿದೆ. ಪ್ರತಿಯೊಂದಕ್ಕೂ ಕಾರಣ ಆರಿಸಬೇಕು: ಮಾಲು ಹಾಳಾಗಿದೆ, ಬೆಲೆ ತಪ್ಪಾಗಿದೆ, ದಾಸ್ತಾನು ಇಲ್ಲ, ವಿಳಾಸ ಸರಿಯಿಲ್ಲ. ಮನುಷ್ಯರಿಗೆ ಏನಾದರೂ ಆಗಬಹುದೆಂದು ಆ ಪರದೆ ಮಾಡಿದವರಿಗೆ ಹೊಳೆದೇ ಇರಲಿಲ್ಲ. ‘ಇತರೆ’ ಒತ್ತಿದೆ. ಮತ್ತೆ ‘ಇತರೆ’. ಮತ್ತೆ ‘ಇತರೆ’.

ಮಾಲೀಕರು ಆಸ್ಪತ್ರೆಗೆ ಬಂದಾಗ ಮುಖ ಕೆಂಪಾಗಿತ್ತು. “ನನ್ನ ವರ್ಷದ ದುಡಿಕಿ ಒಂದ ಬಟನ್ ಒತ್ತಿ ಕೆಡವಿದಿ! ಕೇಳೂದಿಲ್ಲ, ಹೇಳೂದಿಲ್ಲ. ಯಾರ ಕೊಟ್ರು ನಿನಗ ಅಷ್ಟ ಧೈರ್ಯಾ?”

“ಒಳಗ ಹೋಗಿ ನೋಡ್ರಿ ಸಾಹುಕಾರ್ರ. ಆಮ್ಯಾಲ ಬೈರಿ.”

ಅವರು ಗಾಜಿನ ಬಾಗಿಲವರೆಗೆ ಹೋದರು. ಅಕ್ಕನ ಮುಖದ ಮೇಲೆ ಮಾಸ್ಕು, ಅದರೊಳಗೆ ಉಸಿರಿನ ಮಂಜು ಬಂದು ಹೋಗುತ್ತಿತ್ತು. ವಾಪಸ್ ಬಂದು ಬೆಂಚಿನ ತುದಿಗೆ ಕೂತರು.

“ನಾ ಬೇಕಂತ ಮಾಡಿದ್ನೇನವಾ?”

“ಬೇಕಂತ ಯಾರೂ ಮಾಡಿಲ್ರಿ,” ಎಂದೆ. “ಅದಕ್ಕ ನನಗ ಸಿಟ್ಟ ಬಂದೈತಿ. ಬೇಕಂತ ಮಾಡಿದ್ರ ಒಬ್ಬರನ್ನ ಬೈದು ಮುಗಸತಿದ್ದೆ.”

ಆಮೇಲೆ ಬೆಂಗಳೂರಿನ ಪ್ರತಿನಿಧಿ ಫೋನ್ ಮಾಡಿದ. ಇಷ್ಟು ಚೆನ್ನಾಗಿ ಓಡುತ್ತಿದ್ದ ಪುಟಕ್ಕೆ ದಾಸ್ತಾನು ಯಾಕೆ ತೆಗೆದಿರಿ ಎಂದು ಕೇಳಿದ. ನಡೆದದ್ದನ್ನೆಲ್ಲ ಹೇಳಿದೆ. “ನಿಮ್ಮ ಕಾಳಜಿ ಅರ್ಥ ಆಗುತ್ತೆ ಮೇಡಂ,” ಎಂದ. “ಸ್ಟಾಕ್ ಯಾವಾಗ ಅಪ್‌ಡೇಟ್ ಮಾಡ್ತೀರಾ?”

ಮಾಲೀಕರು ಮನಸ್ಸು ಮಾಡಿದ್ದರೆ ಮರುದಿನವೇ ದಾಸ್ತಾನು ತುಂಬಬಹುದಿತ್ತು. ತುಂಬಿದ್ದರೂ ಆಯುವವರಿರಲಿಲ್ಲ. ಆ ಹೆಂಗಸರೆಲ್ಲ ಎಂದಿನಂತೆ ಬಸ್ಸಿಳಿದು ಬಂದು, ಶೆಡ್ಡಿನೊಳಗೆ ಕಾಲಿಡದೆ ಅಂಗಳದ ಬೇವಿನ ಕೆಳಗೆ ಕೂತರು. ಪಾರ್ಲರ್ ಇರುವವರೆಗೆ ಒಂದು ಕಾಳೂ ಆಯುವುದಿಲ್ಲ ಎಂದರು. ಮಾಲೀಕರು ಬಂದು ನಿಂತು ನೋಡಿದರು, ಬೈದರು, ಸುಮ್ಮನಾದರು. ಕೊನೆಗೆ ಮೇಸ್ತ್ರಿ ಯಾರನ್ನೂ ಕೇಳದೆ ಹಾರೆ ತಂದು ಕಿಟಕಿಯ ಗೋಡೆಯನ್ನು ಬುಡದವರೆಗೆ ಕೆಡವಿದರು. ಈಗ ಆ ಕೋಣೆಗೆ ಒಂದು ಗೋಡೆಯಿಲ್ಲ. ಅಲ್ಲಿ ಮತ್ತೆ ಸಲಿಕೆ, ಗುದ್ದಲಿ ಇಟ್ಟಿದ್ದಾರೆ.

ಅಕ್ಕ ಬದುಕಿದಳು. ಧ್ವನಿ ಮಾತ್ರ ವಾಪಸ್ ಬಂದಿಲ್ಲ. ಶೆಡ್ಡಿಗಿಂತ ದೊಡ್ಡದಾಗಿದ್ದ ಆ ಬಾಯಿಯಿಂದ ಈಗ ಕರಕಲಾದಂಥ ಒಂದು ಪಿಸುಮಾತು ಬರುತ್ತದೆ. ಮೆಟ್ಟಿಲು ಹತ್ತಿದರೆ ಅದೇ ಸೀಟಿ. ಆಸ್ಪತ್ರೆಯ ಖರ್ಚು ಮಾಲೀಕರು ಕೊಟ್ಟರು. ಕೊಟ್ಟದ್ದಕ್ಕೆ ಊರಲ್ಲಿ ಅವರಿಗೆ ಒಳ್ಳೆಯ ಹೆಸರೂ ಬಂತು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪುಟದಲ್ಲಿ ಈಗ ನಾನು ಅಂಗಳದಲ್ಲಿ ತೆಗೆದ ಕಂದು ದ್ರಾಕ್ಷಿಯ ಚಿತ್ರವಿದೆ. ವಾಪಸ್ ಬರುವುದು ಹೆಚ್ಚುಕಡಿಮೆ ನಿಂತಿದೆ, ಕೊಂಡವರು ಮತ್ತೆ ಕೊಳ್ಳುತ್ತಾರೆ. ಯಂತ್ರ ಮಾತ್ರ ನಮ್ಮನ್ನು ಇನ್ನೂ ಕೆಳಗೇ ಇಟ್ಟಿದೆ.

ಮೊನ್ನೆ ಹೊನವಾಡಕ್ಕೆ ಹೋಗಿ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. “ನಮ್ಮದು ಎಲ್ಲೈತಿ ತೋರಸ ಬೇ,” ಎಂದಳು. ಫೋನು ತೆಗೆದು ಹುಡುಕಿದೆ. ಪರದೆಯನ್ನು ಸರಿಸಿದೆ, ಸರಿಸಿದೆ, ಆಕೆ ಬೇಸತ್ತು ನಗುವವರೆಗೆ ಸರಿಸಿದೆ.

“ಇಷ್ಟ ಕೆಳಗ ಇಳದು ನೋಡಾವರು ಬಾವಿ ತೋಡಾವರ ಇರಬೇಕ ಬೇ. ಮ್ಯಾಲ ಯಾರ ಅದಾರ?”

ಮತ್ತೆ ಮೇಲಕ್ಕೆ ತಂದೆ. ಮೊದಲ ಸಾಲಿನಲ್ಲಿ ಯಾರದೋ ಅಂಗಡಿಯ ದ್ರಾಕ್ಷಿ. ಬಂಗಾರದಂತೆ ಹೊಳೆಯುತ್ತಿತ್ತು, ಅದೇ ದಿನ ರವಾನೆಯ ಹಸಿರು ಪಟ್ಟಿಯೊಂದಿಗೆ. ಅಕ್ಕ ಅದರ ಮೇಲೆ ಬೆರಳಿಟ್ಟಳು.

“ಈ ಟ್ರೇ ತರಾಕ ಒಳಗ ಯಾರ ಹೋಗಿದ್ರ ಬೇ?”

ಅವರು ಹೇಗೆ ಮಾಡುತ್ತಾರೋ ನನಗೆ ತಿಳಿಯದು. ಕಿಟಕಿ ತೆರೆದಿಟ್ಟ ಕೋಣೆಯೇ ಇರಬಹುದು, ಬಯಲೇ ಇರಬಹುದು, ಬರಿಯ ಚಿತ್ರದ ಹಳದಿಯೇ ಇರಬಹುದು. ಆದರೆ ಆ ಪುಟದ ಕೆಳಗೆ ಕೊಳ್ಳುವವರು ಪ್ರಶ್ನೆ ಕೇಳಲು ಒಂದು ಜಾಗವಿದೆ. ಅಕ್ಕನ ಮಾತನ್ನು ಅಕ್ಕ ಹೇಳಿದಂತೆಯೇ ಅಲ್ಲಿ ಟೈಪ್ ಮಾಡಿ ಕಳಿಸಿದೆ.

ಬಸ್ಸು ಟಿಕೋಟಾ ತಲುಪುವ ಮೊದಲೇ ಮಾರುಕಟ್ಟೆಯಿಂದ ಉತ್ತರ ಬಂತು. ನಿಮ್ಮ ಪ್ರಶ್ನೆಯನ್ನು ಪ್ರಕಟಿಸಲಾಗುವುದಿಲ್ಲ, ಅದು ಈ ಉತ್ಪನ್ನಕ್ಕೆ ಸಂಬಂಧಿಸಿದ್ದಲ್ಲ.